ಸಾಹೇಬರು ಬರುವ ತನಕ

"ಇವರ ವಂಶದಾಗ ಬೆನ್ನೆಲುಬು ಹಾಕೂದನ್ನ ದೇವರು ಮರತಾನ್ರಿ ಸಾಹೇಬ್ರ. ಇವರಪ್ಪನೂ ಹಿಂಗ ಇದ್ದ, ಕುಡಗೋಲಿನಂಗ."

ಮುಕಾದಮ ಚಂದ್ರಾಮಪ್ಪ ಇದನ್ನು ಗುಟ್ಟಾಗಿ ಹೇಳಲಿಲ್ಲ. ಗ್ಯಾಂಗ್ ಚಹಾಕ್ಕೆ ಕೂತ ಹೊತ್ತು ನೋಡಿ ಎಲ್ಲರ ಕಿವಿಗೆ ಬೀಳುವಂತೆ ಹೇಳಿದ. ಗಂಡಾಳು ನಕ್ಕರು. ಹೆಣ್ಣಾಳು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸಿಮೆಂಟು ಚೀಲ ಇಳಿಸಿ ಆಗಷ್ಟೇ ಉಸಿರು ತೆಗೆದುಕೊಳ್ಳುತ್ತಿದ್ದ ಖಂಡಪ್ಪನೂ ನಕ್ಕ. ಮುಕಾದಮನ ಮಾತಿಗೆ ನಗದವನಿಗೆ ಮರುದಿನ ಕೆಲಸ ಇರುವುದಿಲ್ಲ. ನಗದೇ ಉಳಿದವಳು ಅವನ ತಾಯಿ ಮಲಕವ್ವ ಒಬ್ಬಳು. ಅವಳ ತಲೆಯ ಮೇಲಿನ ಕಡೆಯ ಬುಟ್ಟಿ ಇನ್ನೂ ಇಳಿದಿರಲಿಲ್ಲ. ಕಾಂಕ್ರೀಟು ಹೊತ್ತವರು ನಗುವಂತಿಲ್ಲ. ಕತ್ತು ಅಲುಗಿದರೆ ಮಾಲು ಚೆಲ್ಲುತ್ತದೆ.

ಔರಂಗಾಬಾದಿನ ಹೊರಗೆ, ವಾಳೂಜಿನ ಕಾರ್ಖಾನೆಗಳ ಮಗ್ಗುಲಿಗೆ ಬ್ಯಾಂಕಿನವರ ಕ್ವಾರ್ಟರ್ಸ್ ಏಳುತ್ತಿತ್ತು. ಕಟ್ಟುವವರು ಇಂಡಿ, ಸಿಂದಗಿ ಕಡೆಯಿಂದ ಗುಳೆ ಬಂದ ಕನ್ನಡದವರು. ಇರಲು ಬರುವವರಲ್ಲಿ ಅರ್ಧ ಜನ ಧಾರವಾಡ, ಬಿಜಾಪುರದಿಂದ ವರ್ಗವಾಗಿ ಬಂದ ಕನ್ನಡದವರು. ಭಾಷೆ ಒಂದೇ. ಅವರು ಔರಂಗಾಬಾದಿನ ಬಾಡಿಗೆ ಮನೆಗಳಲ್ಲಿ ಫ್ಯಾನಿನ ಕೆಳಗಿದ್ದರು, ಇವರು ತಗಡಿನ ಶೆಡ್ಡಿನಲ್ಲಿದ್ದರು, ಅಷ್ಟೇ ಫರಕು.

ಚಂದ್ರಾಮಪ್ಪ ಸಾಹೇಬ್ರ ಅಂದದ್ದು ಅರವಿಂದರಾಯನಿಗೆ. ಬ್ಯಾಂಕಿನ ಆಫೀಸರ, ಧಾರವಾಡದವ. ಕಟ್ಟಡದ ಉಸ್ತುವಾರಿ ಬ್ಯಾಂಕು ಅವನಿಗೆ ವಹಿಸಿತ್ತು. ಸಂಜೆಗೊಮ್ಮೆ ಸ್ಕೂಟರ್ ಮೇಲೆ ಬಂದು ಇಟ್ಟಂಗಿಗೆ ಬೆರಳು ತಟ್ಟಿ ನೋಡಿ ಹೋಗುತ್ತಿದ್ದ. ಅವತ್ತು ಅವನು ನಗಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು ಖಂಡಪ್ಪನ ಹತ್ತಿರ ಬಂದ. ಎದ್ದು ನಿಲ್ಲು ಅಂದ. ಖಂಡಪ್ಪ ಎದ್ದ. ನೆಟ್ಟಗೆ ನಿಲ್ಲು ಅಂದ. ಖಂಡಪ್ಪನಿಗೆ ತಾನು ನೆಟ್ಟಗೆ ನಿಂತಿದ್ದೇನೆ ಅಂತಲೇ ಅನ್ನಿಸಿತ್ತು.

ಆಗ ಅರವಿಂದರಾಯ ಒಂದು ಕೈಯನ್ನು ಅವನ ಬೆನ್ನಿನ ನಡುವೆ ಇಟ್ಟ. ಇನ್ನೊಂದರಿಂದ ಗದ್ದ ಹಿಡಿದು ಎತ್ತಿದ.

ಮುಟ್ಟಿದ.

ಹತ್ತೊಂಬತ್ತು ವರ್ಷದಲ್ಲಿ ಮೇಲ್ಜಾತಿಯವನೊಬ್ಬ ಖಂಡಪ್ಪನನ್ನು ಮುಟ್ಟಿದ್ದು ಅದೇ ಮೊದಲು. ಅದೂ ಸಿಮೆಂಟು, ಬೆವರು ಒಂದಾಗಿ ಮೆತ್ತಿದ್ದ ಬೆನ್ನನ್ನು. ಮುಟ್ಟಿದ ಕೈಯ ಮೇಲೆ ಅವನಿಗೆ ನಂಬಿಕೆ ಹುಟ್ಟಿತು. ಅಲ್ಲೇ ಅವನು ಕೆಟ್ಟ.

"ಆರು ಫೂಟಿನ ಆಳನ್ನ ಮಡಚಿ ನಾಕೂವರಿ ಮಾಡ್ಯಾರಲ್ಲೊ," ಅಂದ ಅರವಿಂದರಾಯ. "ನಮ್ಮ ಕನ್ನಡ ಸಂಘದ ನಾಟಕದಾಗ ಪಾರ್ಟ್ ಮಾಡ್ತೀಯೇನು? ನಿನ್ನಂಥಾ ಎತ್ತರದಾಂವ ಬೇಕಾಗ್ಯಾನ."

ಯಾವ ಪಾರ್ಟು ಅಂತ ಚಂದ್ರಾಮಪ್ಪ ಕೇಳಿದ. ದೊರೆಯ ಪಾರ್ಟು ಅಂದ ಅರವಿಂದರಾಯ. ಚಂದ್ರಾಮಪ್ಪನ ನಗು ಬಾಯಲ್ಲೇ ಉಳಿಯಿತು.

ಖಂಡಪ್ಪ ಬಾಗಿ ಹುಟ್ಟಿದವನಲ್ಲ. ಅವನನ್ನು ಬಾಗಿಸಿದ್ದರು. ಊರಿನಲ್ಲಿ ಗೌಡನ ಓಣಿ ದಾಟುವಾಗ ಅವನಪ್ಪ ಮಹಾದೇವಪ್ಪ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಿದ್ದ. ಇನ್ನೊಂದು ಕೈಯನ್ನು ಮಗನ ಕುತ್ತಿಗೆಯ ಮೇಲಿಟ್ಟು ಒತ್ತುತ್ತಿದ್ದ. ಓಣಿ ಮುಗಿಯುವ ತನಕ ಆ ಕೈ ತೆಗೆಯುತ್ತಿರಲಿಲ್ಲ. ಹೊಡೆತ ತಪ್ಪಿಸಲು ಅಪ್ಪ ಕಲಿಸಿದ ವಿದ್ಯೆ ಅದು. ಸಾಲಿಯಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದಾಗ ಎದೆ ಮುಂದೆ ಮಾಡಿ ಪದ್ಯ ಹೇಳಿದ ಅಂತ ಮಾಸ್ತರ ಕೋಲು ಮುರಿಯುವಂತೆ ಹೊಡೆದ. ಅವತ್ತೇ ಸಾಲಿ ಮುಗಿಯಿತು. ಆಮೇಲೆ ಸಿಮೆಂಟು ಚೀಲ, ಕಬ್ಬಿಣದ ಸಳಿ, ಇಟ್ಟಂಗಿ. ಅಪ್ಪ ಸತ್ತು ಎರಡು ವರ್ಷವಾಗಿತ್ತು. ಕುತ್ತಿಗೆಯ ಮೇಲಿನ ಕೈ ಹೋಗಿರಲಿಲ್ಲ.

ತಾಲೀಮು ನಡೆಯುತ್ತಿದ್ದದ್ದು ಔರಂಗಾಬಾದಿನ ಒಂದು ಮರಾಠಿ ಶಾಲೆಯ ಮಹಡಿಯಲ್ಲಿ. ಕೆಲಸ ಮುಗಿಸಿ, ಮೈ ತೊಳೆದು, ವಾಳೂಜಿನಿಂದ ಟೆಂಪೋ ಹಿಡಿದು ಖಂಡಪ್ಪ ಅಲ್ಲಿಗೆ ಹೋಗುತ್ತಿದ್ದ. ನಾಟಕ ಅರವಿಂದರಾಯನೇ ಬರೆದದ್ದು. ಸುಲ್ತಾನನ ದರ್ಬಾರಿನಲ್ಲಿ ತಲೆ ಬಾಗಿಸದೆ ನಿಂತ ಒಬ್ಬ ಪಾಳೇಗಾರನ ಕಥೆ. ರಾಜ್ಯೋತ್ಸವಕ್ಕೆ ಆಡುವುದು. ಪಾತ್ರಧಾರಿಗಳೆಲ್ಲ ಬ್ಯಾಂಕಿನವರು, ಅಂಚೆಯವರು, ಅವರ ಮಕ್ಕಳು. ಮಕ್ಕಳಿಗೆ ಕನ್ನಡ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಅರವಿಂದರಾಯನ ಮಗಳು ಶುಭಾ ಖಂಡಪ್ಪನನ್ನು ನೋಡಿದ ಮೊದಲ ದಿನವೇ, "ಕಾಯ್ ರೇ ರಾಜಾ, ತುಝಾ ಮುಕುಟ್ ಕುಠೇ?" ಅಂದಳು. ನಿನ್ನ ಕಿರೀಟ ಎಲ್ಲಿ ಅಂತ. ಕಿರೀಟ ಇನ್ನೂ ಹೊಲಿಯುತ್ತಿದ್ದಾರೆ ಅಂತ ಇವನು ಮರಾಠಿಯಲ್ಲೇ ಹೇಳಿದ. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಮುಳ್ಳಿರಲಿಲ್ಲ. ಇತ್ತೇನೋ, ಅವನಿಗೆ ಚುಚ್ಚಲಿಲ್ಲ.

"ನೆಲಾ ನೋಡಬ್ಯಾಡ. ನೆಲದಾಗ ನಿಂದೇನದ?" ಅರವಿಂದರಾಯ ಕೂಗುತ್ತಿದ್ದ. ಭುಜ ಹಿಂದಕ್ಕೆ. ಗದ್ದ ಮೇಲೆ. ಉಸಿರು ಹೊಟ್ಟೆಯಿಂದ. ಕೈ ಬೆನ್ನ ಹಿಂದೆ. ಮಾತಾಡುವ ಮೊದಲು ಎದುರಿನವನ ಕಣ್ಣನ್ನು ನೋಡು, ಅವನು ರೆಪ್ಪೆ ಬಡಿದ ಮೇಲೆ ಬಾಯಿ ತೆಗೆ.

ಮೊದಲು ಬರೀ ನೋವು. ಎದೆಯ ಎಲುಬು ಬಿಚ್ಚಿದ ಹಾಗೆ. ಚೀಲ ಹೊತ್ತಾಗಲೂ ಹಾಗೆ ನೋಯುತ್ತಿರಲಿಲ್ಲ. ಶೆಡ್ಡಿನಲ್ಲಿ ಹಾಸಿಗೆ ಬಿಟ್ಟು ಸೆಂಟ್ರಿಂಗಿನ ಹಲಗೆಯ ಮೇಲೆ ಅಂಗಾತ ಮಲಗಿದ. ನಡಿಗೆ ಮಾತ್ರ ಬರಲೊಲ್ಲದು. ಒಂದು ಸಂಜೆ ಮಲಕವ್ವ ಬುಟ್ಟಿ ಹೊತ್ತು ಏಣಿ ಹತ್ತುವುದನ್ನು ನೋಡುತ್ತ ನಿಂತ. ಅವಳ ಬೆನ್ನು ಗೆರೆ ಹೊಡೆದಂತಿತ್ತು. ಕತ್ತು ಕಂಬದಂತಿತ್ತು. ಬುಟ್ಟಿ ಇಳಿಸಿದಳೋ ಇಲ್ಲವೋ, ಮುಕಾದಮನ ಮುಂದೆ ಮುದುಡಿದಳು. ಖಂಡಪ್ಪ ಶೆಡ್ಡಿನ ಹಿಂದೆ ಹೋಗಿ ತಲೆಯ ಮೇಲೆ ಇಟ್ಟಂಗಿ ಇಟ್ಟುಕೊಂಡು ನಡೆದ. ಬಿತ್ತು. ಮತ್ತೆ ಇಟ್ಟುಕೊಂಡ. ಬೀಳದಂತಾದ ಮೇಲೆ ಇಟ್ಟಂಗಿ ತೆಗೆದು ನಡೆದ. ಅದೇ ದೊರೆಯ ನಡಿಗೆಯಾಯಿತು. ಎಲ್ಲಿ ಕಲಿತೆ ಅಂತ ಅರವಿಂದರಾಯ ಬೆರಗಾಗಿ ಕೇಳಿದಾಗ, ಹಂಗ ಬಂತರೀ ಅಂದ. ಅವ್ವನ ಬುಟ್ಟಿಯಿಂದ ಅನ್ನಲು ನಾಚಿಕೆಯಾಯಿತು.

ನೆಟ್ಟಗೆ ನಿಂತವನಿಗೆ ಲೋಕವೇ ಬೇರೆ ಕಂಡಿತು. ಅಲ್ಲಿಯ ತನಕ ಖಂಡಪ್ಪ ಜನರನ್ನು ಚಪ್ಪಲಿಯಿಂದ ಗುರುತು ಹಿಡಿಯುತ್ತಿದ್ದ. ಚಂದ್ರಾಮಪ್ಪ ಅಂದರೆ ಕಿರ್ ಅನ್ನುವ ಕೊಲ್ಹಾಪುರಿ. ಗುತ್ತಿಗೆದಾರ ಅಂದರೆ ಕರೀ ಬೂಟು. ಈಗ ಮುಖಗಳು ಕಂಡವು. ಚಂದ್ರಾಮಪ್ಪನ ಎಡಗಣ್ಣಿನಲ್ಲಿ ಹೂವು ಬಿದ್ದಿದೆ ಅಂತ ಮೂರು ವರ್ಷ ಅವನ ಕೈಕೆಳಗೆ ದುಡಿದ ಮೇಲೆ ಈಗ ಗೊತ್ತಾಯಿತು. ಆ ಕಣ್ಣನ್ನು ನೋಡುತ್ತ ಮಾತಾಡಿದರೆ ಅವನು ತಡವರಿಸುತ್ತಾನೆ ಅಂತಲೂ ಗೊತ್ತಾಯಿತು. ಖಂಡಪ್ಪನ ದನಿ ಗಂಟಲು ಬಿಟ್ಟು ಕೆಳಗಿಳಿಯಿತು. ಇಷ್ಟು ದಿನ ಈ ಮೈಯಲ್ಲಿ ಬೇರೆ ಯಾರೋ ಬಾಡಿಗೆಗಿದ್ದರು, ಈಗ ತಾನು ಬಂದೆ ಅಂತ ಅನ್ನಿಸಿತು.

ಮಲಕವ್ವ ಶೆಡ್ಡಿನ ಸಾಲಿಗೆಲ್ಲ ಹೇಳಿಕೊಂಡು ಬಂದಳು. ನನ್ನ ಮಗ ದೊರೆ ಆಗತಾನ, ಎಲ್ಲಾರೂ ಬರಬೇಕು ಅಂತ. ಎಲುಬಿಲ್ಲ ಅಂತ ನಕ್ಕ ಜನವೇ ಬರಬೇಕು. ಅವಳಿಗೆ ಬೇಕಾದದ್ದು ಅಷ್ಟೇ. ಖಂಡಪ್ಪನಿಗೂ ಅಷ್ಟೇ ಬೇಕಾಗಿತ್ತು.

ಸ್ಲ್ಯಾಬ್ ಹಾಕುವ ದಿನ ಬಂತು. ಸ್ಲ್ಯಾಬ್ ಅಂದರೆ ಬೆಳಗ್ಗೆ ಶುರುವಾದದ್ದು ಮುಗಿಯುವ ತನಕ ನಿಲ್ಲುವಂತಿಲ್ಲ. ಉಚ್ಚೆಗೂ ಬಿಡುವುದಿಲ್ಲ. ಕೈಯಿಂದ ಕೈಗೆ ಬುಟ್ಟಿ ದಾಟಬೇಕು. ಬೆರಳ ಸಂದು ಸಿಮೆಂಟಿಗೆ ಸುಟ್ಟು ರಕ್ತ ಬರುತ್ತದೆ. ಮುಗಿದ ಮೇಲೆ ಗುತ್ತಿಗೆದಾರ ಜೀಪಿನಲ್ಲಿ ಬರುತ್ತಾನೆ, ಕಾಯಿ ಒಡೆಯುತ್ತಾನೆ, ಆಳುಗಳಿಗೆ ಊಟ ಹಾಕಿಸುತ್ತಾನೆ. ಅವನು ಜೀಪಿನಿಂದ ಇಳಿದಾಗ ಎಲ್ಲರೂ ಎದ್ದು ಬಾಗಿದರು. ಖಂಡಪ್ಪನೂ ಎದ್ದ. ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಭುಜ ಹಿಂದಕ್ಕೆ, ಗದ್ದ ಮೇಲೆ. ಅವನು ಬೇಕಂತ ಮಾಡಲಿಲ್ಲ. ಮೈ ಕಲಿತದ್ದನ್ನು ಮೈ ಮಾಡಿತು. ಗುತ್ತಿಗೆದಾರನ ಕಣ್ಣನ್ನು ನೋಡಿದ. ಅವನು ರೆಪ್ಪೆ ಬಡಿದ.

"ಹಾ ಕೋಣ ನವಾ ಪುಢಾರಿ?" ಯಾರಿವ ಹೊಸ ಲೀಡರ ಅಂತ ಗುತ್ತಿಗೆದಾರ ಮುಕಾದಮನನ್ನು ಕೇಳಿದ.

ಆ ವರ್ಷ ವಾಳೂಜಿನಲ್ಲಿ ಯುನಿಯನ್ನಿನ ಬಾವುಟ ಹಾರದ ಗೇಟು ಕಡಿಮೆ. ನೆಟ್ಟಗೆ ನಿಂತವನೆಲ್ಲ ಮಾಲೀಕರಿಗೆ ಪುಢಾರಿಯೇ. ಇವನು ನಾಟಕದ ಹುಡುಗ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಚಂದ್ರಾಮಪ್ಪ ಹೇಳಲಿಲ್ಲ. ಮರುದಿನ ಬೆಳಗ್ಗೆ ಹಾಜರಿಯಲ್ಲಿ ಖಂಡಪ್ಪನ ಹೆಸರು ಕೂಗಲಿಲ್ಲ. ನಿಮ್ಮವ್ವನ್ನ ಕೆಲಸದಾಗ ಇಟ್ಟುಕೊಂಡದ್ದೇ ಪುಣ್ಯ ಅನ್ನು ಅಂದ.

ಖಂಡಪ್ಪ ಅರವಿಂದರಾಯನ ಮನೆಗೆ ಹೋದ. ಅವನು ಗುತ್ತಿಗೆದಾರನಿಗೆ ಒಂದು ಮಾತು ಅಂದರೆ ಸಾಕಿತ್ತು. ಬಿಲ್ಲು ಪಾಸಾಗಬೇಕಾದದ್ದು ಅವನ ಸಹಿಯಿಂದ. ಅರವಿಂದರಾಯ ಪೂರ್ತಿ ಕೇಳಿ ತೊಡೆ ತಟ್ಟಿ ನಕ್ಕ. "ಹಂಗಾರ ಪಾತ್ರ ಒಳಗ ಇಳದದ ಅಂತಾಯ್ತು," ಅಂದ. ನಾಟಕ ಆಗಲಿ, ಆಮೇಲೆ ಮಾತಾಡುತ್ತೇನೆ, ಅಲ್ಲಿಯ ತನಕ ಮನೆಯಲ್ಲಿ ನೀರು ಮೇಲೇರಿಸು, ಸ್ಟೇಜಿನ ಹಲಗೆ ಹೊಡಿ ಅಂದ. ಖಂಡಪ್ಪ ನೀರು ಏರಿಸಿದ. ಹಲಗೆ ಹೊಡೆದ. ಮಲಕವ್ವ ಒಬ್ಬಳ ದುಡಿಮೆಯಲ್ಲಿ ಇಬ್ಬರೂ ಉಂಡರು. ಅವಳು ಒಂದು ದಿನವೂ ಗೊಣಗಲಿಲ್ಲ. ದೊರೆ ಆಗುವವನಿಗೆ ಇಟ್ಟಂಗಿ ಹೊರಿಸಬಾರದು ಬಿಡು ಅಂದಳು.

ದಸರೆ ಮುಗಿದ ಮೇಲೆ ನಾಸಿಕದಿಂದ ಬಿಂದುಮಾಧವ ವರ್ಗವಾಗಿ ಬಂದ. ಬ್ಯಾಂಕಿನ ದೊಡ್ಡ ಮ್ಯಾನೇಜರ, ಅರವಿಂದರಾಯನ ಮೇಲಿನವ. ಗಿಡ್ಡ ಕುತ್ತಿಗೆ, ಮುಂದೆ ಬಂದ ಹೊಟ್ಟೆ, ಕುರ್ಚಿಯಲ್ಲಿ ಕೂತು ಕೂತು ಗೂನಾದ ಭುಜ. ತಾಲೀಮಿಗೆ ಬಂದವನು ಖಂಡಪ್ಪನ ಖಡ್ಗವನ್ನು ಮೇಜಿನಿಂದ ಎತ್ತಿ ಸೊಂಟಕ್ಕೆ ಸಿಗಿಸಿಕೊಂಡ. ಯಾರಿಗೂ ಅಚ್ಚರಿಯಾಗಲಿಲ್ಲ.

ಖಂಡಪ್ಪ ಗೋಡೆಗೆ ಸರಿದು ನಿಂತ. ಚಹಾ ಕೊಡುತ್ತಿದ್ದ ಅರವಿಂದರಾಯನ ಹೆಂಡತಿ ವಸುಧಾ ಅವನ ಮುಖ ನೋಡಿ ತಡೆದಳು. "ಸಾಹೇಬ್ರು ಬರೋತನಕ ಅಂತ ನಿನಗ ಯಾರೂ ಹೇಳಲೇ ಇಲ್ಲೇನು? ಅವರಿಗಂತನ ಬರೆದ ಪಾರ್ಟ್ ಅದು. ಅವರ ಟ್ರಾನ್ಸ್‌ಫರ್ ಗಣಪತಿ ಹಬ್ಬದಾಗನ ಗೊತ್ತಿತ್ತಲ್ಲ," ಅಂದಳು. ಅವಳ ದನಿಯಲ್ಲಿ ಕೆಟ್ಟತನ ಇರಲಿಲ್ಲ. ನಿಜವಾಗಿಯೂ ಅವನಿಗೆ ಗೊತ್ತಿರಬೇಕು ಅಂದುಕೊಂಡಿದ್ದಳು. ಎಲ್ಲರಿಗೂ ಗೊತ್ತಿತ್ತು. ಶುಭಾಗೂ ಗೊತ್ತಿತ್ತು. ಹೊಸ ಬೂಟನ್ನು ಸಾಹೇಬನ ಕಾಲಿಗೆ ಕಚ್ಚದಂತೆ ಆಳಿನ ಕಾಲಿಗೆ ಹಾಕಿಸಿ ಸಡಿಲ ಮಾಡಿಸುತ್ತಾರಲ್ಲ, ಹಾಗೆ ಪಾತ್ರವನ್ನು ಅವನ ಮೈಗೆ ಹಾಕಿಸಿ ಸಡಿಲ ಮಾಡಿಸಿದ್ದರು.

ಅಷ್ಟಕ್ಕೇ ಬಿಡಲಿಲ್ಲ. ಬಿಂದುಮಾಧವನಿಗೆ ನಿಲ್ಲಲು ಬರುತ್ತಿರಲಿಲ್ಲ. ಅರವಿಂದರಾಯ ಖಂಡಪ್ಪನನ್ನು ನಡುವೆ ಕರೆದು, ಇವನನ್ನು ನೋಡಿ ನಿಲ್ಲಿರಿ ಸರ್ ಅಂದ. ಖಂಡಪ್ಪ ನಿಂತ. ಸಾಹೇಬ ಸುತ್ತು ಹೊಡೆದು ನೋಡಿದ, ಎತ್ತು ಕೊಳ್ಳುವವರು ನೋಡುವ ಹಾಗೆ. ಇವನು ನಡೆದ, ಅವನು ಹಿಂದೆ ನಡೆದ. ಇವನು ಗದ್ದ ಎತ್ತಿದ, ಅವನು ಎತ್ತಿದ. ವಾರದಲ್ಲಿ ಬಿಂದುಮಾಧವನ ಭುಜ ಹಿಂದಕ್ಕೆ ಹೋಯಿತು. ನಡಿಗೆ ಬಂತು. ಬ್ಯಾಂಕಿನಲ್ಲೂ ಸಾಹೇಬರ ಕಳೆ ಏರಿದೆ ಅಂತ ಜನ ಮಾತಾಡಿಕೊಂಡರು.

ಖಂಡಪ್ಪನಿಗೆ ದ್ವಾರಪಾಲಕನ ಪಾತ್ರ ಕೊಟ್ಟರು. ದೊರೆ ಸಿಂಹಾಸನಕ್ಕೆ ಬಂದು "ಯಾರಲ್ಲಿ?" ಅನ್ನುತ್ತಾನೆ. ಇವನು ಸೊಂಟ ಬಗ್ಗಿಸಿ ಮುಂದೆ ಬಂದು "ಅಪ್ಪಣೆ, ಮಹಾಪ್ರಭು" ಅನ್ನಬೇಕು. ಅಷ್ಟೇ.

ಖಂಡಪ್ಪ ಬಾಗಿದ. ಅರವಿಂದರಾಯನಿಗೆ ಸಾಲಲಿಲ್ಲ. ಇನ್ನೂ, ಇನ್ನೂ ಅಂದ. ಕಡೆಗೆ ಎದ್ದು ಬಂದು ಕುತ್ತಿಗೆಯ ಮೇಲೆ ಕೈ ಇಟ್ಟು ಒತ್ತಿದ.

"ನಾ ನಿಂತದ್ದು ಸುಳ್ಳೇನ್ರಿ ಹಂಗಾರ?" ಖಂಡಪ್ಪ ನೆಲ ನೋಡುತ್ತಲೇ ಕೇಳಿದ.

"ಸುಳ್ಳಲ್ಲೊ, ಪಾತ್ರ. ತಿಳ್ಕೊ. ಸಾಹೇಬ್ರು ಗಿಡ್ಡ ಇದ್ದಾರ. ನೀ ಬಾಗಿ ನಿಂತ್ರನ ಅವರು ಎತ್ತರ ಕಾಣ್ತಾರ." ಕಿವಿಯ ಹತ್ತಿರ ಬಂದು ಮೆಲ್ಲಗೆ ಸೇರಿಸಿದ, ಇದೊಂದು ಮುಗಿಸು, ಮರುದಿನವೇ ಗುತ್ತಿಗೆದಾರನ ಹತ್ತಿರ ಮಾತಾಡುತ್ತೇನೆ ಅಂತ.

ಕೆಲಸ ಬೇಕಿತ್ತು. ಖಂಡಪ್ಪ ಒಪ್ಪಿದ. ಅವ್ವನಿಗೆ ಹೇಳಬೇಕು ಅಂತ ಪ್ರತಿ ಸಂಜೆ ಶೆಡ್ಡಿಗೆ ಬರುತ್ತಿದ್ದ. ಅವಳು ಇದ್ದೊಂದು ಇಳಕಲ್ ಸೀರೆಯನ್ನು ಒಗೆದು, ಮಡಿಚಿ, ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಹೇಳಲಾಗಲಿಲ್ಲ.

ರಾಜ್ಯೋತ್ಸವದ ಸಂಜೆ ಹಾಲ್ ತುಂಬಿತ್ತು. ಮುಂದೆ ಕುರ್ಚಿ, ಕುರ್ಚಿಯಲ್ಲಿ ರೇಶಿಮೆ ಸೀರೆ. ಹಿಂದೆ ಗೋಡೆಯ ಹತ್ತಿರ ಜಮಖಾನೆ, ಜಮಖಾನೆಯ ಮೇಲೆ ಶೆಡ್ಡಿನ ಜನ. ಮೈತುಂಬ ಸೆರಗು ಹೊದ್ದು ಮಲಕವ್ವ. ಅವಳ ಮಗ್ಗುಲಿಗೆ ಚಂದ್ರಾಮಪ್ಪನೂ ಬಂದಿದ್ದ. ಪರದೆಯ ಸಂದಿನಿಂದ ಖಂಡಪ್ಪ ಎಲ್ಲರನ್ನೂ ನೋಡಿದ.

ಪರದೆ ಸರಿಯಿತು. ಖಂಡಪ್ಪ ರಂಗದ ಅಂಚಿನಲ್ಲಿ ಭರ್ಚಿ ಹಿಡಿದು ಬಾಗಿ ನಿಂತಿದ್ದ. ಮುಂಡಾಸು ಕಣ್ಣಿನ ತನಕ ಇಳಿದಿತ್ತು. ತುತ್ತೂರಿ ಮೊಳಗಿತು. ಬಿಂದುಮಾಧವ ಬಂದ. ಕಿರೀಟ, ಎದೆಯ ತನಕ ಅಂಟಿಸಿದ ಗಡ್ಡ, ಹೊಟ್ಟೆ ಮುಚ್ಚುವ ತಗಡಿನ ಕವಚ. ಭುಜ ಹಿಂದಕ್ಕೆ, ಗದ್ದ ಮೇಲೆ. ಖಂಡಪ್ಪನ ನಡಿಗೆಯನ್ನೇ ನಡೆದ. ಒಂದು ಹೆಜ್ಜೆಯೂ ಹೆಚ್ಚುಕಮ್ಮಿ ಆಗಲಿಲ್ಲ.

ಹಿಂದಿನಿಂದ ದನಿ ಬಂತು. "ಬಂದ ನೋಡ್ರಿ ನನ್ನ ಮಗ. ನೋಡ್ರಿ, ಹೆಂಗ ಬರಾಕತ್ತಾನ."

ಮಲಕವ್ವ ಎದ್ದು ನಿಂತಿದ್ದಳು. ಸಿಮೆಂಟಿನ ಧೂಳು ತಿಂದ ಕಣ್ಣು ಅವಳದು, ದೂರದ್ದು ಮಸುಕು. ಆದರೆ ಆ ನಡಿಗೆ ಅವಳಿಗೆ ಗೊತ್ತು. ಎರಡೂ ಕೈ ಚಾಚಿ ಬಿಂದುಮಾಧವನ ಕಡೆ ನಿವಾಳಿಸಿದಳು. ಬೆರಳುಗಳನ್ನು ತನ್ನ ಕೆನ್ನಿಗೆ ಒತ್ತಿ ಲಟಿಕೆ ಮುರಿದಳು. ದೃಷ್ಟಿ ತೆಗೆದಳು. ಚಂದ್ರಾಮಪ್ಪ ಬಾಯಿ ತೆರೆದುಕೊಂಡು ದೊರೆಯನ್ನೇ ನೋಡುತ್ತಿದ್ದ. ಮುಂದಿನ ಸಾಲಿನ ಜನ ಹಿಂತಿರುಗಿ ನೋಡಿ, ಅದು ಸಾಹೇಬರಿಗೆ ಮಾಡಿದ ಮರ್ಯಾದೆ ಅಂತ ತಿಳಿದು ಚಪ್ಪಾಳೆ ಹೊಡೆದರು. ಬಿಂದುಮಾಧವ ಮುಗುಳ್ನಕ್ಕ.

ಅಂಚಿನಲ್ಲಿ ಬಾಗಿ ನಿಂತವನನ್ನು ಅವಳು ನೋಡಲಿಲ್ಲ. ಬಾಗಿ ನಿಂತವರನ್ನು ಯಾರು ನೋಡುತ್ತಾರೆ?

ಕೂಲಿ ಹೋದದ್ದು ಹೋಗಲಿ. ಪಾರ್ಟು ಹೋದದ್ದು ಹೋಗಲಿ. ಈ ಮಂದಿ ಅವನ ಅವ್ವನ ನಿವಾಳಿಯನ್ನೂ ತೆಗೆದುಕೊಂಡರು. ಖಂಡಪ್ಪನ ಕುತ್ತಿಗೆಯೊಳಗೆ ಏನೋ ಲಟಕ್ಕೆಂದಿತು.

ಬಿಂದುಮಾಧವ ಸಿಂಹಾಸನದಲ್ಲಿ ಕೂತ. ಮೈಕಿನ ಕಡೆ ಗದ್ದ ಎತ್ತಿದ.

"ಯಾರಲ್ಲಿ?"

ಖಂಡಪ್ಪ ನೆಟ್ಟಗೆ ನಿಂತ. ಮುಂಡಾಸು ತೆಗೆದ. ಭರ್ಚಿಯನ್ನು ಗೋಡೆಗೆ ಒರಗಿಸಿದ. ಪರದೆಯ ಮರೆಯಿಂದ ಅರವಿಂದರಾಯ ಪಿಸುದನಿಯಲ್ಲಿ ಮಾತು ಒದಗಿಸಿದ, ಅಪ್ಪಣೆ ಅನ್ನು, ಅಪ್ಪಣೆ ಮಹಾಪ್ರಭು ಅನ್ನು ಅಂತ. ಹುಡುಗ ಮರೆತ ಅಂತ ತಿಳಿದಿದ್ದ.

ಖಂಡಪ್ಪ ಬಿಂದುಮಾಧವನ ಕಣ್ಣನ್ನು ನೋಡಿದ. ಬಿಂದುಮಾಧವ ರೆಪ್ಪೆ ಬಡಿದ. ಬಡಿದು, ಕುರ್ಚಿಯಲ್ಲಿ ಒಂದಿಷ್ಟು ಕುಗ್ಗಿದ. ಖಂಡಪ್ಪ ರಂಗದ ಮುಂದಿನ ಮೆಟ್ಟಿಲಿಂದ ಹಾಲಿಗೆ ಇಳಿದ. ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದ. ರೇಶಿಮೆ ಸೀರೆಗಳು ಮೊಣಕಾಲು ಒಳಗೆ ಎಳೆದುಕೊಂಡವು. ಶುಭಾ ನಕ್ಕಳು. ವಸುಧಾ ಅವಳ ಬಾಯಿ ಮುಚ್ಚಿದಳು.

"ಖಂಡಪ್ಪಾ, ಒಂದ ಮಾತು ಅಂದು ಹೋಗೊ. ನಾಟಕ ನಿಂತದ," ಅರವಿಂದರಾಯ ಈಗ ಪರದೆಯಿಂದ ಹೊರಗೇ ಬಂದಿದ್ದ. "ನಾಳೆ ನಿನ್ನ ಕೆಲಸದ ಮಾತಾಡೋದದ, ಮರೀಬ್ಯಾಡ."

ಖಂಡಪ್ಪ ತಿರುಗಲಿಲ್ಲ. ಜಮಖಾನೆಯ ತನಕ ಬಂದ. ಮಲಕವ್ವನ ಬೆರಳು ಇನ್ನೂ ಕೆನ್ನಿಯ ಮೇಲೇ ಇತ್ತು. ಹತ್ತಿರ ಬಂದವನನ್ನು ನೋಡಿದಳು. ದೂರ ಸಿಂಹಾಸನದಲ್ಲಿ ಕೂತವನನ್ನು ನೋಡಿದಳು.

"ನೀ ಇಲ್ಲಿದ್ದೀ," ಅಂದಳು. "ಮತ್ತ ಅಲ್ಲಿ ಕುಂತಾಂವ ಯಾರೊ?"

ಅವನು ಅವಳ ಕೈಗಳನ್ನು ಕೆನ್ನಿಯಿಂದ ಬಿಡಿಸಿ ಕೆಳಗಿಳಿಸಿದ. ಬಾಯಿ ತೆರೆದರೆ ಅಳು ಬರುತ್ತಿತ್ತು, ಅದನ್ನು ನೋಡಲು ಈ ಮಂದಿಗೆ ಹಕ್ಕಿರಲಿಲ್ಲ. ಹಿಂದೆ ಮೈಕು ಮತ್ತೊಮ್ಮೆ ಯಾರಲ್ಲಿ ಅಂತ ಕೇಳಿತು.

ಖಂಡಪ್ಪ ಬಾಗಿಲು ದಾಟಿ ರಸ್ತೆಗೆ ಇಳಿದು ನಡೆದ.